ಹನ್ನೊಂದು ಸೆಕೆಂಡಿನ ಕತ್ತಲೆ

ಕಳೆದ ಬೇಸಿಗೆ ರಜೆಯಲ್ಲಿ ನಾನು ಸಿದ್ಧಾರ್ಥನಗರದ ನಮ್ಮ ಬೀದಿಯ ಮಕ್ಕಳ ಗ್ರಂಥಾಲಯದಲ್ಲಿ ಸಿನಿಮಾ ಪರಿಶೀಲಕನಾಗಿ ಸೇವೆ ಸಲ್ಲಿಸುತ್ತಿದ್ದೆ. ವಯಸ್ಸು ಹದಿನಾರು. ಸಂಬಳ ದಿನಕ್ಕೊಂದು ಮದ್ದೂರು ವಡೆ. ಬೇಸಿಗೆ ಶಿಬಿರದ ಕೊನೆಯ ದಿನ ಪುಟಾಣಿಗಳಿಗೆ ತೋರಿಸುವ ಕಿರುಚಿತ್ರಗಳಿಗೆ ಏಜ್ ರೇಟಿಂಗ್ ಕೊಡುವುದು, ಅಂದರೆ ಯಾವ ವಯಸ್ಸಿನ ಮಗು ಹೆದರದೆ ನೋಡಬಹುದೆಂದು ಫಾರಂನಲ್ಲಿ ಬರೆಯುವುದು, ನನ್ನ ಕೆಲಸ. ಇಷ್ಟು ದೊಡ್ಡ ಹುದ್ದೆ ನಮ್ಮ ವಂಶದಲ್ಲಿ ಮುತ್ತಜ್ಜನ ನಂತರ ಯಾರಿಗೂ ಸಿಕ್ಕಿರಲಿಲ್ಲ. ಅವರು ಅರಮನೆಯ ಗಡಿಯಾರಗಳಿಗೆ ಕೀ ಕೊಡುತ್ತಿದ್ದರು.

ಗ್ರಂಥಾಲಯ ನಡೆಸುವವರು ಫಿಲೋಮಿನಾ ಮಿಸ್. ಮೂವತ್ತೆರಡು ವರ್ಷ ಒಂದನೇ ತರಗತಿಗೆ ಪಾಠ ಮಾಡಿ ನಿವೃತ್ತರಾದವರು. ಅವರು ಕನ್ನಡಕದ ಮೇಲಿಂದ ನೋಡಿದರೆ ಓಡುತ್ತಿದ್ದ ಫ್ಯಾನ್ ಕೂಡ ಕೈಕಟ್ಟಿ ನಿಲ್ಲುತ್ತಿತ್ತು.

ಬಂದಿದ್ದು ಒಂಬತ್ತು ಚಿತ್ರ. ಕೊನೆಯದು, ಬೋಗಾದಿಯ ಬಾಡಿಗೆ ರೂಮಿನಲ್ಲಿದ್ದು ಓದುವ ಚೈತ್ರಕ್ಕ ಒಂದೂವರೆ ವರ್ಷ ಒಬ್ಬರೇ ಕೂತು ಮಾಡಿದ ಏಳು ನಿಮಿಷದ ಅನಿಮೇಷನ್. ಅವರ ಮೊದಲ ಚಿತ್ರ. ಇನ್ನೂ ಎಲ್ಲೂ ಪರದೆ ಕಂಡಿರಲಿಲ್ಲ. ದಸರಾ ಗೊಂಬೆಗಳ ಸಾಲಿನಲ್ಲಿರುವ ಪಟ್ಟದ ರಾಜನಿಗೂ ಒಂದು ಇಲಿಗೂ ಸ್ನೇಹ. ಹಬ್ಬ ಮುಗಿದ ಮೇಲೆ ರಾಜನನ್ನು ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಹಾಕುತ್ತಾರೆ. ಮುಚ್ಚಳ ಬೀಳುತ್ತದೆ, ಪರದೆ ಕಪ್ಪಾಗುತ್ತದೆ. ಆಮೇಲೆ ಇನ್ನೊಂದು ದಸರಾ ಬಂದು ಮುಚ್ಚಳ ತೆರೆಯುತ್ತದೆ.

‘ಮೂರು ವರ್ಷ ಮೇಲ್ಪಟ್ಟವರಿಗೆ ಸೂಕ್ತ. ಇಲಿಯ ಮೀಸೆ ತುಸು ಉದ್ದ’ ಎಂದು ಬರೆದು, ಅಪ್ಪನ ಸಹಿಗಿಂತ ದೊಡ್ಡ ಸಹಿ ಹಾಕಿದೆ.

ಶಿಬಿರ ಮುಗಿಯಲು ನಾಲ್ಕು ದಿನವಿದ್ದಾಗ ಮಿಸ್ ಆರು ಪುಟಾಣಿಗಳನ್ನು ಕೂರಿಸಿ ಪ್ರಯೋಗಕ್ಕೆಂದು ಆ ಚಿತ್ರ ಹಾಕಿಸಿದರು. ಚೈತ್ರಕ್ಕನೂ ಬಂದಿದ್ದರು. ಇಲಿ ಬಂತು, ಮಕ್ಕಳು ನಕ್ಕರು. ಮುಚ್ಚಳ ಬಿತ್ತು. ಒಂದು ಸೆಕೆಂಡ್, ಎರಡು, ಐದು... ನಾಲ್ಕು ವರ್ಷದ ಅನ್ವಿ ಕಿರುಚಿದಳು. ಆ ಸದ್ದಿಗೆ ಮಂಡಕಳ್ಳಿಯಲ್ಲಿ ಇಳಿಯುತ್ತಿದ್ದ ವಿಮಾನ ಮತ್ತೆ ಮೇಲೇರಿರಬೇಕು. ಉಳಿದ ಐವರೂ ಶ್ರುತಿ ಸೇರಿಸಿದರು.

ಮಿಸ್ ಲೈಟ್ ಹಾಕಿದರು. “ಬೇಜಾರ್ ಮಾಡ್ಕೋಬೇಡ ಕಣಮ್ಮ ಚೈತ್ರಾ. ಚಿಕ್ಕ ಮಕ್ಕಳಿಗೆ ಇದು ಬೇಡ. ತೆಗೆದ್ಬುಡೋಣ.”

“ಸರಿ ಮಿಸ್” ಎಂದು ಚೈತ್ರಕ್ಕ ಲ್ಯಾಪ್‌ಟಾಪ್ ವೈರ್ ಸುತ್ತತೊಡಗಿದರು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

ಮಿಸ್ ನನ್ನ ಕಡೆ ತಿರುಗಿದರು. “ನೀನು ನೋಡ್ದಾಗ ಇಷ್ಟೊತ್ತು ಕತ್ಲೆ ಇರ್ಲಿಲ್ವೇನೋ?”

“ಇತ್ತು ಮಿಸ್. ಸ್ವಲ್ಪ ಬೇಗ ಹೋಯ್ತು.”

“ಎಷ್ಟು ಬೇಗ?”

“ಎರಡರಷ್ಟು.”

ಪಾಠದ ವಿಡಿಯೊ, ಅತ್ತೆಯ ವಾಯ್ಸ್ ಮೆಸೇಜ್, ಎಲ್ಲವನ್ನೂ ನಾನು ಡಬಲ್ ಸ್ಪೀಡಿನಲ್ಲೇ ಮುಗಿಸುವವನು. ಒಂಬತ್ತೂ ಚಿತ್ರಗಳನ್ನು ಹಾಗೇ ನೋಡಿದ್ದೆ. ಹನ್ನೊಂದು ಸೆಕೆಂಡಿನ ಕತ್ತಲೆ ನನ್ನ ಪಾಲಿಗೆ ಐದೂವರೆ ಸೆಕೆಂಡ್. ಅಷ್ಟರಲ್ಲಿ ವಡೆಗೆ ಕೈ ಹಾಕಿದ್ದೆ.

“ಅವಳು ಒಂದೂವರೆ ವರ್ಷ ಮಾಡಿದ್ದನ್ನ ಮೂರೂವರೆ ನಿಮಿಷದಲ್ಲಿ ಮುಗಿಸ್ಬುಟ್ಯಲ್ಲೋ!”

ಸತ್ಯವಾಗಿ ಹೇಳುತ್ತೇನೆ, ಆಗ ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ. ಚೈತ್ರಕ್ಕ ವೈರನ್ನು ಬ್ಯಾಗಿಗೆ ಹಾಕುವ ಮೊದಲೇ ಅನ್ವಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತೆ.

“ಯಾಕ್ ಪುಟ್ಟಿ, ಕತ್ಲೆ ಭಯಾನಾ?”

ಅವಳು ಮೂಗೆಳೆದಳು. “ಇಲ್ಲ. ರಾಜಂಗೆ ಯಾರೂ ಮಲಕ್ಕೋ ಅಂತಾನೇ ಹೇಳ್ಲಿಲ್ಲ.”

ಗೊಂಬೆ ಕೂರಿಸುವ ನಮ್ಮ ಮನೆಗಳಲ್ಲಿ ಅವನ್ನು ಹಾಗೇ ಎತ್ತಿಡುವುದಿಲ್ಲ. ವಿಜಯದಶಮಿಯ ಸಂಜೆ ರಾಜ ರಾಣಿಯರನ್ನು ಮೊದಲು ಮಲಗಿಸುತ್ತಾರೆ, ಟ್ರಂಕು ಆಮೇಲೆ. ಚಿತ್ರದಲ್ಲಿ ನಿಂತಿದ್ದ ರಾಜನನ್ನು ಹಾಗೇ ಸುತ್ತಿ ಒಳಗೆ ಹಾಕಿಬಿಟ್ಟಿದ್ದರು.

ಚೈತ್ರಕ್ಕ ಹಣೆ ಚಚ್ಚಿಕೊಂಡರು. “ಅಯ್ಯೋ, ನಮ್ಮನೇಲಿ ಗೊಂಬೆ ಇಡೋ ಪದ್ಧತಿ ಇಲ್ಲ ಕಣೋ! ಗೆಳತಿ ಮನೇಲಿ ಜೋಡ್ಸಿದ್ದು ನೋಡಿದ್ದೆ. ಎತ್ತಿಡೋದು ನೋಡಿರ್ಲಿಲ್ಲ.”

“ನಾಲ್ಕು ದಿನ ಇದೆ. ಆಗುತ್ತಾ?” ಎಂದರು ಮಿಸ್.

ವೈರ್ ಮತ್ತೆ ಬಿಚ್ಚಿಕೊಂಡಿತು. ಚೈತ್ರಕ್ಕ ರಾಜನನ್ನು ಮಲಗಿಸುವ ದೃಶ್ಯವನ್ನು ಹೊಸದಾಗಿ ಬರೆದು ಚಿತ್ರಕ್ಕೆ ಸೇರಿಸಿದರು. ಅದಕ್ಕೆ ಧ್ವನಿ ಅನ್ವಿಯದು. ಧ್ವನಿ ಮುದ್ರಿಸುವಾಗ ಹೊರಗಿನ ಸದ್ದು ಬಾರದಂತೆ ಅವರಿಬ್ಬರ ಸುತ್ತ ಕಂಬಳಿ ಎತ್ತಿ ಹಿಡಿದವನು ನಾನು. ಫ್ಯಾನಿಲ್ಲದೆ ನಲವತ್ತು ನಿಮಿಷ! ನಾನು ಸುರಿಸಿದ ಬೆವರಿನಲ್ಲಿ ಕಾರಂಜಿ ಕೆರೆ ಕೋಡಿ ಬೀಳುತ್ತಿತ್ತು.

ಕೊನೆಯ ದಿನ ಅರವತ್ತು ಮಕ್ಕಳು. “ಮಲಕ್ಕೋ ರಾಜ. ಮುಂದಿನ್ ದಸರಾಗೆ ಎಬ್ಬುಸ್ತೀನಿ” ಎಂದಿತು ಪರದೆಯ ಮೇಲೆ ಅನ್ವಿಯ ಧ್ವನಿ. ಮುಚ್ಚಳ ಬಿತ್ತು. ಕತ್ತಲೆಯಲ್ಲಿ ಒಂದು ಸೆಕೆಂಡನ್ನೂ ಚೈತ್ರಕ್ಕ ಕತ್ತರಿಸಿರಲಿಲ್ಲ. ಅವರು ನನ್ನ ತೋಳನ್ನು ಹಿಡಿದ ಬಿಗಿಗೆ ಐದು ಬೆರಳೂ ಅಚ್ಚಾದವು.

ಮುಂದಿನ ಸಾಲಿನಲ್ಲಿ ಒಂದು ಪುಟಾಣಿ ಪಿಸುಗುಟ್ಟಿತು: “ಶ್! ರಾಜ ಮಲಗವ್ನೆ.”

ಅರವತ್ತು ಮಕ್ಕಳು, ಹನ್ನೊಂದು ಸೆಕೆಂಡ್, ಒಂದು ಕೆಮ್ಮೂ ಇಲ್ಲ. ಇದೊಂದನ್ನು ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ; ಮಿಸ್ ಅವರನ್ನೇ ಕೇಳಿ. ಮುಚ್ಚಳ ತೆರೆದಾಗ ಎದ್ದ ಖುಷಿಯ ಕೂಗಿಗೆ ಚೈತ್ರಕ್ಕ ನನ್ನ ತೋಳು ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಪುಟಾಣಿಗಳ ಚಿತ್ರವನ್ನು ಪುಟಾಣಿಗಳ ವೇಗದಲ್ಲೇ ನೋಡಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಉಳಿದ ಎಂಟು ಚಿತ್ರಗಳನ್ನೂ ಪ್ರದರ್ಶನಕ್ಕೆ ಮೊದಲೇ ಮತ್ತೆ ನೋಡಿದ್ದೆ, ವಡೆಯಿಲ್ಲದೆ. ಈಗ ಗ್ರಂಥಾಲಯದ ಫಾರಂನಲ್ಲಿ ಸಹಿಯ ಮೇಲೆ ಮಿಸ್ ಹೊಸ ಸಾಲೊಂದನ್ನು ಅಚ್ಚು ಹಾಕಿಸಿದ್ದಾರೆ: ‘ಯಾವ ವೇಗದಲ್ಲಿ ನೋಡಿದಿರಿ?’ ಇನ್ನು ಮುಂದೆ ಬರುವ ಪರಿಶೀಲಕರೆಲ್ಲ ಅದನ್ನು ತುಂಬಲೇಬೇಕು. ಅರಮನೆಯ ಗಡಿಯಾರಗಳನ್ನು ಸರಿಯಾದ ವೇಗದಲ್ಲಿ ಓಡಿಸಿದ ಮುತ್ತಜ್ಜನ ಹೆಸರು ಯಾವ ಗಡಿಯಾರದ ಮೇಲೂ ಇಲ್ಲ, ಆ ಸಾಲಿನ ಪಕ್ಕ ನನ್ನ ಹೆಸರೂ ಇಲ್ಲ; ಆದರೆ ಸಾಲಂತೂ ನಮ್ಮ ವಂಶದ್ದೇ.