ಮಾವನವರ ಮಳೆ ಗಡಿಯಾರ

ಮುಳ್ಳಿರುವ ಯಾವ ಯಂತ್ರ ಕಂಡರೂ ನನಗೆ ಅದರ ಗಾಜನ್ನು ಬೆರಳಿನಿಂದ ತಟ್ಟಬೇಕೆನಿಸುತ್ತದೆ. ಮೊನ್ನೆ ಕರೆಂಟಿನ ಮೀಟರು ತಟ್ಟಿದಾಗ ನೀವೆಲ್ಲ ನಕ್ಕಿರಿ. ಮಕ್ಕಳೇ, ಆ ಚಟ ನಿಮ್ಮ ಮುತ್ತಜ್ಜನಿಂದ ಬಂದದ್ದು.

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ನಾನು ಬೀಳಗಿ ಕಡೆಯ ಹಳ್ಳಿಯಿಂದ ಜಮಖಂಡಿಗೆ ಸೊಸೆಯಾಗಿ ಬಂದ ವರ್ಷವೇ ಮಾವನವರು ಮುಂಬಯಿಯಿಂದ ಹಿತ್ತಾಳೆಯ ಹವಾಮಾಪಕವೊಂದನ್ನು ತಂದು ಪಡಸಾಲೆಗೆ ತೂಗುಹಾಕಿದರು. ನೋಡಲು ಗಡಿಯಾರವೇ. ಒಳಗೆ ಮಾತ್ರ, ಗಾಳಿ ತೆಗೆದು ಮುಚ್ಚಿದ ತೆಳು ತಗಡಿನ ಡಬ್ಬಿ. ಹೊರಗಿನ ಗಾಳಿಯ ಭಾರ ಹೆಚ್ಚಿದರೆ ಅದು ಕುಗ್ಗುತ್ತದೆ, ಇಳಿದರೆ ಉಬ್ಬುತ್ತದೆ. ಕೂದಲೆಳೆಯಷ್ಟು ಆ ಚಲನೆಯನ್ನು ಸಣ್ಣ ಸನ್ನೆಗೋಲುಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ಭಾರ ಇಳಿದರೆ ಮಳೆಯ ಸೂಚನೆ.

ನಮ್ಮ ಮನೆಯಲ್ಲಿ ಮುಳ್ಳು ಸದಾ ಬಿರುಗಾಳಿಯ ಗುರುತಿನ ಮೇಲೇ. ಮಾವನವರು ಎದ್ದ ಕೂಡಲೇ ಗಾಜು ತಟ್ಟಿ, "ಇವತ್ತ ಮಳಿ ಅದ" ಎಂದು ಸಾರಿ, ಸುಡುಬಿಸಿಲಲ್ಲಿ ಕೊಡೆ ಹಿಡಿದು ಕಚೇರಿಗೆ ಹೋಗುವರು. ಬಿಸಿಲಿಗೂ ಕೊಡೆ ಬೇಕಾದ ಊರು, ಯಾರೂ ನಗುತ್ತಿರಲಿಲ್ಲ.

ತೊಂದರೆಯಾದದ್ದು ನನ್ನ ನಾದಿನಿ ಕುಸುಮಳ ಮದುವೆಗೆ. ಬೀಗರ ಮುಂದೆ ಜೋಡಿಸಿಡುವ ರುಖವತದ ತಿಂಡಿಗಳಿಗೆಂದು ಸಂಡಿಗೆ ಹಿಟ್ಟು ಕುದಿಸಿಯಾಗಿತ್ತು. ಅಂದೇ ಬಿಸಿಲಿಗೆ ಇಡದಿದ್ದರೆ ಹುಳಿ. ಮಾವನವರು ಮಾಳಿಗೆಯ ಮೆಟ್ಟಿಲಿಗೆ ಅಡ್ಡ ನಿಂತರು.

"ಹಿಟ್ಟು ಮ್ಯಾಲ ಒಯ್ಯಬ್ಯಾಡ್ರಿ. ಮುಳ್ಳು ನೋಡ್ರಿ!"

"ಹುಳಿ ಆದ್ರ ಬೀಗರ ತಾಟಿನ್ಯಾಗ ನಿಮ್ಮ ಗಡಿಯಾರನ ಬಡಸ್ತೀನಿ!" ಎಂದರು ಅತ್ತೆ. ಕುಸುಮ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಿಮ್ಮ ಅಜ್ಜ ವಾದಕ್ಕಿಳಿಯಲಿಲ್ಲ. "ಅಪ್ಪಾ, ನೀರು ಕಾದಾವ, ಸ್ನಾನಾ ಮುಗಿಸಿ ಬರ್ರಿ" ಎಂದರು. ಮಾವನವರು ಬಚ್ಚಲಿಗೆ ಹೋದದ್ದೇ ತಡ, ಯಂತ್ರ ಇಳಿಸಿ, ಹಿಂದಿನ ತಿರುಪನ್ನು ತಿರುಪುಳಿಯಿಂದ ತಿರುವಿ, ಮತ್ತೆ ತೂಗುಹಾಕಿದರು. ಬಾಗಿಲ ಮರೆಯಲ್ಲಿದ್ದ ನನಗೆ ಮೆಲ್ಲಗೆ ಹೇಳಿದರು: "ಇದು ಸಮುದ್ರದ ದಂಡಿಗೆ ಹೊಂದಿಸಿದ್ದು. ನಮ್ಮೂರು ಎತ್ತರದಾಗ ಅದ, ಇಲ್ಲೆ ಗಾಳಿ ಭಾರನ ಕಡಿಮಿ. ಪಾಪ, ಇದರ ತಪ್ಪೇನು?"

ಮಾವನವರು ಬಂದು ಗಾಜು ತಟ್ಟಿದರು. ಮುಳ್ಳು ಒಳ್ಳೆಯ ಹವೆ ತೋರಿಸಿತು. ಮಗನನ್ನೂ ಅವನ ಕೈಯ ತಿರುಪುಳಿಯನ್ನೂ ಒಮ್ಮೆ ನೋಡಿದರು.

"ನಾ ಸ್ನಾನಾ ಮಾಡೂದ್ರಾಗ ಮಳಿ ಹೊಳ್ಳಿ ಹೋತು! ಒಯ್ರಿ, ಒಯ್ರಿ ಹಿಟ್ಟು!"

ಸಂಡಿಗೆ ಸಂಜೆಗೆ ಗರಿಗರಿಯಾಯಿತು.

ಆ ವರ್ಷವೆಲ್ಲ ಅತ್ತೆ ನನ್ನ ಮುಖ ನೋಡಿ "ಸದಾ ಮಾರಿ ಮ್ಯಾಲ ಮೋಡ" ಎನ್ನುತ್ತಿದ್ದರು. ಅಂದು ನನಗೆ ಸ್ವಲ್ಪ ಸಮಾಧಾನವಾಯಿತು. ನಾನೂ ಕೆಟ್ಟಿರಲಿಲ್ಲ, ಆ ಯಂತ್ರದಂತೆ ಬೇರೆ ಊರಿಗೆ ಹೊಂದಿಕೊಂಡಿದ್ದೆ, ಅಷ್ಟೆ. ಈಗಲೂ ಯಾರ ಮುಖದಲ್ಲಾದರೂ ಬಿರುಗಾಳಿ ಕಂಡರೆ, ಯಾವ ಊರಿನವರೆಂದು ಮೊದಲು ಕೇಳುತ್ತೇನೆ. ತಟ್ಟಿ ನೋಡುವುದು ಆಮೇಲೆ.