ಕಾಲರಿನ ಉಪ್ಪು

ಬೆಳಗಿನ ನಮಾಜು ಮುಗಿದ ಮೇಲೆ ಮನ್ನೂಬಿಯಾ ಮಾಡುವ ಮೊದಲ ಕೆಲಸ ತಾರಸಿಯ ತಂತಿ ಒರೆಸುವುದು. ಒದ್ದೆ ಬಟ್ಟೆಯಲ್ಲಿ ತಂತಿಯನ್ನು ಬಿಗಿಯಾಗಿ ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ, ಬಟ್ಟೆ ಮಗುಚಿ ಹಿಡಿದು ವಾಪಸು ಬರುತ್ತಾಳೆ. ಅಂದು ಒಗೆತ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮಹ್ದಿಯಾ ಊರಿನ ಸಮುದ್ರದ ಗಾಳಿ ತಂತಿಗೆ ಉಪ್ಪು ಮೆತ್ತುತ್ತದೆ. ಉಪ್ಪು ಕೂತಲ್ಲಿ ತುಕ್ಕು, ತುಕ್ಕು ಕೂತಲ್ಲಿ ಬಿಳಿ ಅಂಗಿಯ ಮೇಲೆ ಕಂದು ಗೆರೆ. ಮೂವತ್ತೊಂದು ವರ್ಷದಲ್ಲಿ ಬಂದರು ಫುಟ್‌ಬಾಲ್ ಕ್ಲಬ್ಬಿನ ಒಂದು ಅಂಗಿಯ ಮೇಲೂ ಅಂಥ ಗೆರೆ ಬಿದ್ದಿಲ್ಲ. ಹೆರಿಗೆಯಾದ ಮೂರನೆಯ ದಿನವೇ ಎದ್ದು ತಂತಿ ಒರೆಸಿದಳು ಎಂದು ಗಂಡ ಹಮ್ಮಾದಿ ಹೇಳುತ್ತಿರುತ್ತಾನೆ. ಎರಡನೆಯ ದಿನ ಎಂದು ಆಕೆ ತಿದ್ದುತ್ತಾಳೆ.

ಭಾನುವಾರ ಆಟ, ಸೋಮವಾರ ಒಗೆಯಲು ಆಟಗಾರರ ಬಟ್ಟೆಯ ಗಂಟು. ಕ್ಲಬ್ಬಿನವರಿಗೆಲ್ಲ ಆಕೆ ಖಾಲ್ತಿ, ಅಂದರೆ ಚಿಕ್ಕಮ್ಮ. ಆಟದ ಮೈದಾನ ಮನೆಯ ಹಿಂದೆಯೇ ಇರುವುದರಿಂದ ಆಕೆ ತಾರಸಿಯಿಂದಲೇ ನೋಡುತ್ತಾಳೆ. ಬಂದರಿನ ಕಡೆಯ ಗೋಲು ಪೂರ್ತಿ ಕಾಣುತ್ತದೆ. ಇನ್ನೊಂದು ಗೋಲನ್ನು ಮಸೀದಿಯ ಮಿನಾರು ಮುಚ್ಚಿದೆ. ಅಲ್ಲಿ ನಡೆದದ್ದನ್ನು ಜನರ ಕೂಗಿನಿಂದ ತಿಳಿದುಕೊಳ್ಳುತ್ತಾಳೆ. ಅರ್ಧ ನೋಡಿದರೆ ಸಾಕು ಎಂಬುದು ದೇವರ ಇಚ್ಛೆ ಇರಬೇಕು ಎನ್ನುತ್ತಾಳೆ.

ಉಳಿದ ಅರ್ಧವನ್ನು ಅಂಗಿಗಳು ಹೇಳುತ್ತವೆ. ಯಾರು ಎಡಕ್ಕೆ ಜಾರಿ ಬಿದ್ದ, ಯಾರನ್ನು ಯಾರು ಹಿಡಿದೆಳೆದರು, ಎಲ್ಲ ಬಟ್ಟೆಯ ಮೇಲಿರುತ್ತದೆ. ಆದರೆ ಅದು ಆಕೆಯ ಬಾಯಿಂದ ಹೊರಗೆ ಬಂದಿಲ್ಲ. ಒಗೆಯುವವಳು ಕಂಡದ್ದನ್ನು ನೀರಿಗೆ ಹೇಳಬೇಕು, ಊರಿಗಲ್ಲ ಎಂದು ಆಕೆಯ ತಾಯಿ ಕಲಿಸಿದ್ದಳು.

ಈ ವರ್ಷ ಆ ಮಾತು ಭಾರವಾಗತೊಡಗಿತು. ಹೊಸ ಕೋಚ್ ಲಮ್ಜದ್ ಎಂಟನೇ ನಂಬರಿನ ಗಾಝಿಯನ್ನು ಪ್ರತಿ ಆಟದಲ್ಲೂ ಮಧ್ಯದಲ್ಲಿ ನಿಲ್ಲಿಸುತ್ತಿದ್ದ. ಹದಿನಾಲ್ಕನೇ ನಂಬರಿನ ವಜ್ದಿಗೆ ಸಿಗುತ್ತಿದ್ದದ್ದು ಕೊನೆಯ ಹತ್ತು ನಿಮಿಷ. ಐದು ವಾರದಿಂದ ಗಾಝಿಯ ಅಂಗಿ ಮಡಿಕೆ ಕೂಡ ಮುರಿಯದಂತೆ ಬರುತ್ತಿತ್ತು. ಆ ಐದರಲ್ಲಿ ತಂಡ ನಾಲ್ಕು ಆಟ ಸೋತಿತ್ತು. ಉಳಿದಿದ್ದು ಒಂದೇ ಆಟ. ಅದನ್ನೂ ಸೋತರೆ ಕೆಳಗಿನ ವಿಭಾಗಕ್ಕೆ ಇಳಿಯಬೇಕು. ಅಲ್ಲಿ ಆಟಗಾರರು ತಮ್ಮ ತಮ್ಮ ಅಂಗಿಯನ್ನು ಮನೆಗೆ ಒಯ್ದು ಒಗೆದುಕೊಳ್ಳುತ್ತಾರೆ. ಸೋಮವಾರದ ಗಂಟು ಮತ್ತೆ ಬರುವುದಿಲ್ಲ.

"ಓಡೋ ಕತ್ತೆನ ಕಟ್ಟಿಹಾಕಿ ಮಲಗಿರೋ ಕತ್ತೆ ಮೇಲೆ ಮೂಟೆ ಹೊರಿಸ್ತಾನೆ," ಎಂದಳು ಆಕೆ, ಗಂಟು ಬಿಚ್ಚುತ್ತ.

ಹಮ್ಮಾದಿ ಮೆಟ್ಟಿಲ ಮೇಲೆ ಕೂತು ಬಾದಾಮಿ ಹಾಕಿದ ಚಹಾ ಕುಡಿಯುತ್ತಿದ್ದ. ಮಂಡಿನೋವಿನವನು, ತಾರಸಿ ಹತ್ತುವುದು ಅಪರೂಪ. "ಅವನು ಓದಿ ಬಂದಿರೋ ಕೋಚ್ ಕಣೇ. ನೀನು ಸಾಬೂನು ಹಚ್ಚೋಳು."

"ಓದಿದವನಿಗೆ ಕಣ್ಣು ಬೇಡ್ವಾ?"

"ಹಾಗಾದ್ರೆ ಹೋಗಿ ಹೇಳು."

"ಹೇಳಲ್ಲ."

"ಹೇಳಲ್ಲ ಅಂದ್ರೆ ನನಗ್ಯಾಕೆ ಹೇಳ್ತೀಯ? ನಾನೇನು ನೀರಾ?"

ಆಕೆ ಬಕೆಟ್ಟಿಗೆ ನೀರು ತುಂಬಿದಳು. ಎಲ್ಲ ಅಂಗಿಗಳನ್ನೂ ಹಸಿರು ಸಾಬೂನಿನಲ್ಲಿ ಒಗೆದು, ಒಣಗಿಸಿ, ಮಡಿಸಿದಳು. ಎಂಟನೇ ನಂಬರನ್ನು ಮಾತ್ರ ನೀರಿಗೆ ಹಾಕಲಿಲ್ಲ. ಬಂದಂತೆಯೇ ನೀಟಾಗಿ ಮಡಿಸಿ ಗಂಟಿನ ಮೇಲ್ಗಡೆ ಇಟ್ಟು ಕಳಿಸಿದಳು. ಬಾಯಿ ಬಿಟ್ಟು ಒಂದು ಮಾತೂ ಹೇಳಿದಂತಾಗಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬುಧವಾರ ಲಮ್ಜದ್ ಆ ಅಂಗಿ ಹಿಡಿದುಕೊಂಡು ಬಾಗಿಲಿಗೆ ಬಂದ.

"ಖಾಲ್ತಿ, ಒಂದು ಅಂಗಿ ಒಗೆಯೋದು ಮರೆತಿದೀರಿ."

"ಮರೆತಿಲ್ಲ ಸಿ ಲಮ್ಜದ್. ಕೊಳೆ ಆಗಿರ್ಲಿಲ್ಲ," ಎಂದಳು, ಹೆಸರಿಗೆ ಗೌರವದ 'ಸಿ' ಸೇರಿಸಿ.

ಅವನಿಗೆ ಅರ್ಥವಾಯಿತು. ಸಿಟ್ಟು ಬರಲಿಲ್ಲ, ನಕ್ಕ. "ಮಣ್ಣು ಆಗೋದು ಬಿದ್ದವನಿಗೆ ಖಾಲ್ತಿ. ತಡವಾಗಿ ಬಂದವನು ಬೀಳ್ತಾನೆ. ಸರಿಯಾದ ಜಾಗದಲ್ಲಿ ಮೊದಲೇ ನಿಂತವನು ಯಾಕೆ ಬೀಳ್ತಾನೆ? ಗಾಝಿಗೆ ಆಟ ಗೊತ್ತು."

ಆಕೆ ಸ್ವಲ್ಪ ಯೋಚಿಸಿದಳು. ಮಾತು ನ್ಯಾಯವಾಗಿಯೇ ಇತ್ತು. ಆಮೇಲೆ ಅಂಗಿಯನ್ನು ತೆಗೆದುಕೊಂಡು ಕಾಲರನ್ನು ತಿರುಗಿಸಿ ತೋರಿಸಿದಳು. "ಮಣ್ಣು ಬಿದ್ದವನಿಗೆ, ಒಪ್ಪಿದೆ. ಉಪ್ಪು ಯಾರಿಗೆ? ಓಡಿದವನ ಕಾಲರ್ ಒಣಗಿದ್ರೆ ಬೆಳ್ಳಗೆ ಗೆರೆ ನಿಲ್ಲುತ್ತೆ. ಹತ್ತೇ ನಿಮಿಷ ಆಡೋ ವಜ್ದಿ ಅಂಗಿಲೂ ಇರುತ್ತೆ. ಇದ್ರಲ್ಲಿ ಹುಡುಕಿ ಕೊಡಿ. ನಾವು ಸಮುದ್ರದ ಜನ, ಉಪ್ಪು ನಮಗೆ ಗೊತ್ತು."

ಲಮ್ಜದ್ ಕಾಲರಿನ ಮೇಲೆ ಬೆರಳಾಡಿಸಿದ. ಅಂಗಿ ಹಿಡಿದುಕೊಂಡು ಹೋದ.

ಆಕೆ ಅಂದು ಮಧ್ಯಾಹ್ನದ ನಮಾಜಿನಲ್ಲಿ ತಾಯಿಯನ್ನು ನೆನೆದು ಕ್ಷಮೆ ಕೇಳಿದಳು.

ಭಾನುವಾರ ಹಮ್ಮಾದಿಯೂ ಗೋಡೆ ಹಿಡಿದುಕೊಂಡು ತಾರಸಿ ಹತ್ತಿದ. ಕೆಳಗೆ ಬಿಳಿ ಅಂಗಿಗಳು ಸಾಲಾಗಿ ಬಂದವು. ಅವುಗಳಲ್ಲಿ ಎಂಟನೇ ನಂಬರೂ ಇತ್ತು.

"ನೋಡು," ಎಂದಳು. "ಕಲ್ಲಿಗೆ ಹೇಳಿದ್ರೆ ಕಲ್ಲಾದ್ರೂ ಬೆವರ್ತಿತ್ತು."

ಇಪ್ಪತ್ತನೇ ನಿಮಿಷಕ್ಕೆ ಮಿನಾರಿನ ಹಿಂದಿನ ಗೋಲಿಗೆ ಎದುರಾಳಿಯ ಚೆಂಡು ನುಗ್ಗಿದ್ದು ಊರವರ ಅಯ್ಯೋ ಎಂಬ ಕೂಗಿನಿಂದ ತಿಳಿಯಿತು. ಈಚೆ ಗಾಝಿ ಇನ್ನೂ ನಡೆಯುತ್ತಿದ್ದ. ಆಕೆ ಅವನನ್ನು ಸೋಮಾರಿ ಎಂದಳು, ಕೋಚನ್ನು ಕುರುಡ ಎಂದಳು, ಇಬ್ಬರನ್ನೂ ಸೇರಿಸಿ ಬೇರೆ ಏನೇನೋ ಅಂದಳು. ಹಮ್ಮಾದಿ ಮಿನಾರಿನ ಕಡೆ ಕೈ ತೋರಿಸಿ, "ಮೆಲ್ಲಗೆ, ಇಮಾಮರಿಗೆ ಕೇಳಿಸುತ್ತೆ," ಎಂದ.

ಅರ್ಧ ಆಟ ಮುಗಿದು ಮತ್ತೆ ಶುರುವಾದಾಗ ಎಂಟು ಇರಲಿಲ್ಲ. ಹದಿನಾಲ್ಕು ಓಡುತ್ತಿತ್ತು. ಆಕೆ ಗೋಡೆಯ ಮೇಲಿಂದ ಕೈ ತೆಗೆಯದೆ ನೋಡಿದಳು. ಎಪ್ಪತ್ತನೇ ನಿಮಿಷದಲ್ಲಿ ಆಟವೆಲ್ಲ ಮಿನಾರಿನ ಹಿಂದೆ ಸರಿಯಿತು. ಕ್ಷಣ ಹೊತ್ತು ಏನೂ ಇಲ್ಲ, ಆಮೇಲೆ ಇಡೀ ಊರು ಕೂಗಿತು. ಎರಡೂ ಕಡೆ ಒಂದೊಂದು ಗೋಲು. ಸಮ ಸಾಕಾಗಿತ್ತು. ಕೊನೆಯ ಸೀಟಿಯವರೆಗೂ ಹಾಗೇ ನಿಂತಿತು. ತಂಡ ಉಳಿಯಿತು.

ಸೋಮವಾರ ಗಂಟು ಬಂತು. ಹದಿನಾಲ್ಕನೇ ನಂಬರಿನ ಕಾಲರ್ ನಿರೀಕ್ಷಿಸಿದಂತೆಯೇ ಬೆಳ್ಳಗೆ ಗಟ್ಟಿಯಾಗಿತ್ತು.

ಮಂಗಳವಾರ ಲಮ್ಜದ್ ಮತ್ತೆ ಬಂದ. ಈ ಸಲ ಒಳಗೆ ಬಂದು ಹಮ್ಮಾದಿಯ ಪಕ್ಕ ಕೂತ. ಮನ್ನೂಬಿಯಾ ಬ್ರೆಡ್ಡು, ಆಲಿವ್ ಎಣ್ಣೆ, ಹರಿಸ್ಸಾ ಎಂಬ ಮೆಣಸಿನಕಾಯಿ ಚಟ್ನಿ ಮುಂದಿಟ್ಟಳು.

"ಗಾಝಿ ಮಂಡಿ ಕೆಟ್ಟಿದೆ ಖಾಲ್ತಿ," ಎಂದ ಅವನು. "ಐದು ವಾರದಿಂದ ಪಟ್ಟಿ ಕಟ್ಕೊಂಡು ಆಡ್ತಿದ್ದ. ಹೇಳಿದ್ರೆ ಜಾಗ ಹೋಗುತ್ತೆ ಅಂತ ಭಯ. ಅರ್ಧ ಆಟಕ್ಕೆ ಬೂಟು ಬಿಚ್ಚೋಕೂ ಆಗ್ಲಿಲ್ಲ, ಆಗ ಹೇಳ್ದ. ಉಪ್ಪಿಲ್ಲ ಅಂದ್ರಲ್ಲ, ಯಾಕಿಲ್ಲ ಅಂತ ನಾನು ಅವತ್ತೇ ಅವನನ್ನ ಕೇಳ್ಬೇಕಿತ್ತು."

ಹಮ್ಮಾದಿ ತನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡ. ಮನ್ನೂಬಿಯಾ ಬ್ರೆಡ್ಡಿನ ತಟ್ಟೆಯನ್ನು ಸುಮ್ಮನೆ ಒಮ್ಮೆ ಸರಿಸಿದಳು.

"ನಾನೂ ಕೇಳ್ಲಿಲ್ಲ," ಎಂದಳು. "ಸೋಮಾರಿ ಅಂದೆ. ಐದು ವಾರ ಹಾಗೇ ಅಂದೆ. ಅವನನ್ನ ಒಂದಿನ ಇಲ್ಲಿಗೆ ಕಳಿಸಿ. ಎಣ್ಣೆ ಬಿಸಿ ಮಾಡಿ ತಿಕ್ಕಿ ಕೊಡ್ತೀನಿ. ಈ ಮನೇಲಿ ಒಂದು ಮಂಡಿ ನೋಡ್ಕೊಂಡು ಅಭ್ಯಾಸ ಇದೆ."

"ಕಳಿಸ್ತೀನಿ." ಲಮ್ಜದ್ ಎಣ್ಣೆಯಲ್ಲಿ ಬ್ರೆಡ್ಡು ಅದ್ದಿದ. "ಇನ್ನೊಂದು ಮಾತು. ಮುಂದಿನ ವರ್ಷ ನೆರಳಿನ ಗ್ಯಾಲರಿಲಿ, ನಮ್ಮ ಬೆಂಚಿನ ಹಿಂದೇನೇ, ನಿಮಗೂ ಯಜಮಾನರಿಗೂ ಎರಡು ಕುರ್ಚಿ ಹಾಕಿಸ್ತೀನಿ. ಮೆಟ್ಟಿಲು ಹತ್ತೋದು ಬೇಡ. ಎರಡು ಗೋಲೂ ಕಾಣುತ್ತೆ."

ಹಮ್ಮಾದಿಯ ಮುಖ ಅರಳಿತು. ಹೆಂಡತಿಯ ಕಡೆ ನೋಡಿದ.

"ಇವ್ರಿಗೆ ಹಾಕ್ಸಿ, ಕೂತ್ಕೊಳ್ಲಿ," ಎಂದಳು ಮನ್ನೂಬಿಯಾ. "ನನಗೆ ಬೇಡ ಸಿ ಲಮ್ಜದ್. ದೇವರು ನಿಮಗೆ ಒಳ್ಳೇದು ಮಾಡ್ಲಿ. ಆದ್ರೆ ನೀವು ಕೊಟ್ಟ ಕುರ್ಚಿಲಿ ಕೂತು ನಿಮ್ಮನ್ನೇ ಬೈಯೋದು ಹೇಗೆ? ನಾನು ಮೇಲೇ ಇರ್ತೀನಿ."