ಬಂಡೆಯಿಂದ ಹಾರಿದವನ ಹೆಸರು

ಹಿಂದೊಮ್ಮೆ ಸಿನಿಮಾ ತೆಗೆದ ಜಾಗಗಳನ್ನು ನೋಡಬೇಕೆಂದರೆ ಕಳಸದ ಜೀಪ್ ಸ್ಟ್ಯಾಂಡಿನಲ್ಲಿ ಎಲ್ಲರೂ ಗುರುವಯ್ಯನ ಕಡೆಗೇ ಕೈತೋರಿಸುತ್ತಾರೆ. ನಾಯಕಿ ಕೊಡೆ ಹಿಡಿದು ನಡೆದ ಕಾಫಿ ತೋಟದ ದಾರಿ, ಅವಳು ಕೂತು ಅತ್ತ, ಹಳ್ಳ ದಾಟುವ ಕಾಲುಸಂಕ, ಎಲ್ಲ ತೋರಿಸಿ ಕೊನೆಗೆ ಅವನು ಭದ್ರಾ ಹೊಳೆಯ ಗುಂಡಿಯ ಮೇಲಿನ ಕರಿಬಂಡೆಯ ಹತ್ತಿರ ಜೀಪು ನಿಲ್ಲಿಸುತ್ತಿದ್ದ.

“ಹೀರೋ ಹಾರಿದ್ದು ಇಲ್ಲಿಂದ್ಲೇ ನೋಡಿ.”

ಬಂದವರು ಬಂಡೆ ಹತ್ತಿ, ಕೈಚಾಚಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಆದರೆ ಹಾರಿದ್ದು ಹೀರೋ ಅಲ್ಲ. ಗುರುವಯ್ಯನ ಜೀಪನ್ನು ಇವತ್ತಿಗೂ ರಿಪೇರಿ ಮಾಡುವ ಗ್ಯಾರೇಜಿನ ಮಹಮ್ಮದ್.

ಹೀರೋನ ಬದಲು ಹಾರಲು ಶೂಟಿಂಗಿನವರು ಮೊದಲು ಆರಿಸಿದ್ದು ಗುರುವಯ್ಯನನ್ನೇ. ಹಿಂದಿನಿಂದ ಥೇಟ್ ಹೀರೋನ ಹಾಗೇ ಕಾಣುತ್ತಾನೆಂದು ಅವನಿಗೆ ಕೆಂಪು ಅಂಗಿ ತೊಡಿಸಿದ್ದರು. ಬಂಡೆಯ ಅಂಚಿಗೆ ಹೋಗಿ ಕೆಳಗೆ ನೋಡಿದ್ದೇ ತಡ, ಅವನು ಹಿಂದೆ ಸರಿದು ಬಂಡೆಯ ಮೇಲೆ ಕೂತೇಬಿಟ್ಟ. ಜೊತೆಗಿದ್ದ ಮಹಮ್ಮದ್ ಪಿಸುಗುಟ್ಟಿದ: “ಅಂಗಿ ಇಲ್ಲಿ ಕೊಡು ಮಾರಾಯ. ಕಾಲು ಉಳುಕಿತು ಅಂತ ಹೇಳ್ತೀನಿ.”

ಹಾಗೇ ಹೇಳಿದ. ಹಾರಿಯೂ ಬಿಟ್ಟ. ದಡದಲ್ಲಿದ್ದವರೆಲ್ಲ ಸಿಳ್ಳೆ ಹೊಡೆದರು. ಗುರುವಯ್ಯ ಕುಂಟುವ ನಾಟಕ ಮಾಡುತ್ತಲೇ ಚಪ್ಪಾಳೆ ತಟ್ಟಿದ.

ಆಮೇಲೆ ಪೇಟೆಯಲ್ಲಿ ಮಹಮ್ಮದನನ್ನು ಕರೆಕರೆದು ಕಾಫಿ ಕುಡಿಸಿದರು. ವರ್ಷ ಕಳೆದಂತೆ ಜನ ಅದನ್ನು ಮರೆತರು. ಗುರುವಯ್ಯನ ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಪ್ರವಾಸಿಗರು ಬರತೊಡಗಿದ ಮೇಲೆ ಅವನಿಗೊಂದು ಉಪಾಯ ಸಿಕ್ಕಿತು. ಬಂದವರಿಗೆಲ್ಲ ಹೀರೋನ ಹೆಸರು ಹೇಳಿ, ಮಹಮ್ಮದನ ಹೆಸರೇ ಅಲ್ಲಿ ಇಲ್ಲದಂತೆ ಮಾಡಿದ.

ಕಳೆದ ಬೇಸಿಗೆಯಲ್ಲಿ ಮಹಮ್ಮದನ ಮಗಳು ಶಾಝಿಯಾ ಕಾಲೇಜಿನ ಗೆಳತಿಯರ ಜೊತೆ ಗುರುವಯ್ಯನ ಜೀಪು ಹತ್ತಿದಳು. ಬಂಡೆಯ ಹತ್ತಿರ ಹೆಮ್ಮೆಯಿಂದ, “ಇಲ್ಲಿಂದ ಹಾರಿದ್ದು ನಮ್ಮ ಅಬ್ಬ. ಬೇಕಾದ್ರೆ ಅಂಕಲ್‌ನ ಕೇಳಿ, ಅವತ್ತು ಅವ್ರೂ ಇದ್ರು” ಎಂದಳು.

“ನಂಗೊತ್ತಿಲ್ಲಮ್ಮ,” ಎಂದ ಗುರುವಯ್ಯ. “ಹೀರೋನೇ ಹಾರಿದ್ದು ಅಂತ ಎಲ್ರೂ ಹೇಳ್ತಾರೆ.”

ಗೆಳತಿಯರು ಮುಖ ಮುಖ ನೋಡಿಕೊಂಡರು. ಒಬ್ಬಳು ನಕ್ಕೇಬಿಟ್ಟಳು. ವಾಪಸು ಹೊರಟಾಗ ಗುರುವಯ್ಯನಿಗೆ ಒಳಗೊಳಗೇ ಖುಷಿ. ಘಾಟಿಯ ತಿರುವಿನಲ್ಲಿ ಕನ್ನಡಿ ನೋಡಿದರೆ, ಹಿಂದಿನ ಸೀಟಿನಲ್ಲಿ ಶಾಝಿಯಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅದೇ ವಾರ ಜೀಪಿನ ಕ್ಲಚ್ ಕೈಕೊಟ್ಟಿತು. ಗ್ಯಾರೇಜಿಗೆ ಹೋಗದೆ ವಿಧಿಯಿರಲಿಲ್ಲ. ಮಹಮ್ಮದ್ ಜೀಪಿನಡಿ ಮಲಗಿಕೊಂಡೇ ಕೇಳಿದ: “ಗೊತ್ತಿಲ್ಲ ಅಂದ್ಯಂತೆ?”

ಗುರುವಯ್ಯ ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿ ಅವನ ಕೈಗಿಟ್ಟ.

“‘ಅಬ್ಬ, ನೀವು ಹೇಳಿದ್ದು ಸುಳ್ಳಾ’ ಅಂತ ಕೇಳಿದ್ಲು ಮಗಳು. ನೀನು ಅವತ್ತು ಹೆದ್ರಿದ್ದು ಹೇಳಿದ್ರೆ ನಂಬ್ತಿದ್ಲು. ಹೇಳ್ಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ ಮಾರಾಯ.”

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಧೈರ್ಯದಲ್ಲಿ ಇವನೇ ಮೇಲು, ಒಳ್ಳೆಯತನದಲ್ಲೂ ಇವನೇ ಮೇಲು ಎಂಬ ಯೋಚನೆ ಗುರುವಯ್ಯನನ್ನು ಇನ್ನಷ್ಟು ಸುಟ್ಟಿತು. ಆದರೂ ಸಂಜೆ ಅವನಾಗಿಯೇ ಮಹಮ್ಮದನ ಮನೆಗೆ ಹೋಗಿ ಶಾಝಿಯಾಳನ್ನು ಕರೆದ.

“ಹಾರಿದ್ದು ನಿಮ್ಮಪ್ಪನೇ ಕಣಮ್ಮ. ನನ್ನ ಕಾಲೇನೂ ಉಳುಕಿರ್ಲಿಲ್ಲ, ಹೆದ್ರಿಕೆ ಆಗಿತ್ತು. ನಿನ್ನ ಗೆಳತೀರಿಗೆ ಫೋನ್ ಹಾಕು, ನಾನೇ ಹೇಳ್ತೀನಿ.”

ಅವರಿಗೂ ಹೇಳಿದ.

ಈಗ ಬಂಡೆಯ ಬಳಿ ಅವನು ಮಹಮ್ಮದನ ಹೆಸರನ್ನೇ ಹೇಳುತ್ತಾನೆ. “ಅವ್ರನ್ನ ನೋಡ್ಬಹುದಾ?” ಎಂದು ಕೇಳಿದವರನ್ನು ಗ್ಯಾರೇಜಿಗೂ ಕರೆದೊಯ್ಯುತ್ತಾನೆ. ಅವರೆಲ್ಲ ಮಹಮ್ಮದನ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುವಾಗ ಮಾತ್ರ ಗುರುವಯ್ಯ ಜೀಪಿನಿಂದ ಇಳಿಯುವುದಿಲ್ಲ. ಹೊತ್ತಾಯಿತೆಂದು ಹಾರ್ನ್ ಒತ್ತುತ್ತಲೇ ಇರುತ್ತಾನೆ.